ಒಂಬತ್ತು ಭಾನುವಾರಗಳು

2023ರ ಜನವರಿ 22ರ ಭಾನುವಾರ ಬೆಳಿಗ್ಗೆ, ಶಿವಮೊಗ್ಗದ ಆಲ್ಕೊಳದ ಒಂದು ಶಾಲೆಯ ಕೊಠಡಿಯಲ್ಲಿ, ಭದ್ರಾವತಿಯ ಇಪ್ಪತ್ನಾಲ್ಕು ವರ್ಷದ ಹುಡುಗಿಯೊಬ್ಬಳ ದಾಖಲೆ ಪುಸ್ತಕಕ್ಕೆ ನಾನು ಸಹಿ ಹಾಕಲಿಲ್ಲ.

ಆ ಪುಸ್ತಕ ಯುವಜನರ ಪ್ರಶಸ್ತಿ ಯೋಜನೆಯೊಂದರದು. ಯೋಜನೆಯಲ್ಲಿ ಪರೀಕ್ಷೆಯಿಲ್ಲ, ರ‍್ಯಾಂಕಿಲ್ಲ. ಓದುತ್ತಿರಲಿ, ಓದು ಬಿಟ್ಟಿರಲಿ, ಹದಿನಾಲ್ಕು ತುಂಬಿದ ಯಾರು ಬೇಕಾದರೂ ಸೇರಬಹುದು. ಇಪ್ಪತ್ತೈದನೆಯ ಹುಟ್ಟುಹಬ್ಬದ ಒಳಗೆ ಮುಗಿಸಬೇಕು. ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಹಂತ. ಪ್ರತಿ ಹಂತದಲ್ಲೂ ಒಂದು ಕೌಶಲ ಕಲಿಯಬೇಕು, ಮೈ ದಣಿಯುವಂಥ ಆಟವೋ ವ್ಯಾಯಾಮವೋ ಮಾಡಬೇಕು, ಗುಂಪಿನೊಂದಿಗೆ ಕೆಲವು ದಿನ ನಡೆದು ಪ್ರಯಾಣ ಮಾಡಬೇಕು, ಯಾರಿಗಾದರೂ ಸೇವೆ ಮಾಡಬೇಕು. ಚಿನ್ನದ ಹಂತಕ್ಕೆ ಸೇವೆಯ ಅವಧಿ ಒಂದು ವರ್ಷ, ವಾರಕ್ಕೆ ಒಂದು ಗಂಟೆ. ಮಾಡಿದ್ದನ್ನು ಅದೇ ವಾರ ಪುಸ್ತಕದಲ್ಲಿ ಬರೆಯಬೇಕು. ಕೊನೆಗೆ ಆ ವಿಭಾಗದ ಪರಿಶೀಲಕರು ಓದಿ ಸಹಿ ಮಾಡಬೇಕು. ಸೇವಾ ವಿಭಾಗಕ್ಕೆ ನಾನು ಪರಿಶೀಲಕಿ.

ನನ್ನ ಉದ್ಯೋಗ ಅದಲ್ಲ. ಆಗ ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಜಿಲ್ಲಾ ಪುಟಗಳನ್ನು ನೋಡಿಕೊಳ್ಳುತ್ತಿದ್ದೆ. ಈ ಕೆಲಸಕ್ಕೆ ನನ್ನನ್ನು ಎಳೆದುತಂದವರು ಯೋಜನೆಯ ಸ್ಥಳೀಯ ಸಂಚಾಲಕರು. ಹೈಸ್ಕೂಲಿನಲ್ಲಿ ನನಗೆ ಡ್ರಿಲ್ ಮಾಸ್ತರಾಗಿದ್ದವರು ಅವರು. ನಿವೃತ್ತಿಯಾದ ಮೇಲೂ ಕೊರಳಲ್ಲಿ ಸೀಟಿ ಇಲ್ಲದೆ ಮನೆಯಿಂದ ಹೊರಡುತ್ತಿರಲಿಲ್ಲ.

“ಏ ಮಾರಾಯ್ತಿ, ನೀನು ಪೇಪರ್ನೋಳು. ಸುಳ್ಳು ಎಲ್ಲಿದ್ರೂ ವಾಸ್ನೆ ಹಿಡೀತೀಯ. ಈ ಮಕ್ಳು ಒಂದ್ ದಿನ ಗಿಡಕ್ಕೆ ನೀರು ಹಾಕಿ ಆರು ತಿಂಗ್ಳು ಅಂತ ಬರೀತಾರೆ. ನಂಗೆ ಬೈಯೋಕಾಗಲ್ಲ, ಕರುಳು ಚುರ್ ಅನ್ನುತ್ತೆ. ನಿಂಗೆ ಆ ತೊಂದ್ರೆ ಇಲ್ಲ.”

ನಾನು ಒಪ್ಪಿಕೊಂಡೆ. ಎರಡು ವರ್ಷದಲ್ಲಿ ಹನ್ನೊಂದು ಪುಸ್ತಕಗಳಿಗೆ ಸಹಿ ಹಾಕಿದ್ದೆ, ನಾಲ್ಕನ್ನು ಹಿಂದಕ್ಕೆ ಕಳಿಸಿದ್ದೆ. ಆ ನಾಲ್ವರೂ ತಪ್ಪು ಒಪ್ಪಿಕೊಂಡು, ಬಾಕಿ ವಾರಗಳನ್ನು ತುಂಬಿ ಮತ್ತೆ ಬಂದಿದ್ದರು.

ಹುಡುಗಿಯ ಮನೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಪಕ್ಕದ ಬೀದಿಯಲ್ಲಿ. ಎರಡನೇ ಪಿಯುಸಿಯಲ್ಲಿ ಎರಡು ವಿಷಯ ಹೋಗಿದ್ದವು. ಮತ್ತೆ ಕಟ್ಟಲಿಲ್ಲ. ಹಗಲು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಕಂಚು, ಬೆಳ್ಳಿ ಎರಡನ್ನೂ ಮುಗಿಸಿದ್ದಳು. ಚಿನ್ನದ ಹಂತದ ನಾಲ್ಕು ದಿನದ ನಡಿಗೆಯಲ್ಲಿ ಅವಳೇ ಗುಂಪಿನ ನಾಯಕಿ. ಕಾಲು ಉಳುಕಿದ ಜೊತೆಗಾತಿಯ ಚೀಲವನ್ನೂ ತಾನೇ ಹೊತ್ತು ನಡೆದಳೆಂದು ಸಂಚಾಲಕರು ನನಗೆ ಮೂರು ಸಲ ಹೇಳಿದ್ದರು. ಶಿವಮೊಗ್ಗದ ಹೊರಗಿನ ಒಂದು ವಸತಿ ಶಾಲೆಯವರು ಮಕ್ಕಳನ್ನು ಚಾರಣಕ್ಕೆ, ಕ್ರೀಡೆಗೆ ಕರೆದೊಯ್ಯಲು ಒಬ್ಬ ಸಹಾಯಕಿಯನ್ನು ಹುಡುಕುತ್ತಿದ್ದರು. ಪದವಿ ಇಲ್ಲದಿದ್ದರೂ ಚಿನ್ನದ ಪ್ರಮಾಣಪತ್ರ ಇದ್ದರೆ ಸಾಕು, ಜೂನ್‌ಗೆ ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿನ ಪ್ರಾಂಶುಪಾಲರು ಹೇಳಿದ್ದರು. ಅವಳಿಗೆ ಮಾರ್ಚ್ 10ಕ್ಕೆ ಇಪ್ಪತ್ತೈದು ತುಂಬುತ್ತಿತ್ತು.

ಸೇವೆಗೆ ಅವಳು ಆರಿಸಿಕೊಂಡದ್ದು ಪತ್ರಿಕೆ ಓದುವುದನ್ನು. ಕ್ವಾರ್ಟರ್ಸಿನಲ್ಲಿ ಕುಲುಮೆ ವಿಭಾಗದ ನಿವೃತ್ತ ಕಾರ್ಮಿಕರೊಬ್ಬರಿದ್ದರು. ತಮಿಳು ಮನೆಮಾತಿನವರು. ಕನ್ನಡವನ್ನು ಓದಲು ಕಲಿತದ್ದೇ ಪತ್ರಿಕೆಯಿಂದ. ಸಕ್ಕರೆ ಕಾಯಿಲೆ ಕಣ್ಣನ್ನು ತೆಗೆದ ಮೇಲೆ ಅವರಿಗೆ ಓದಿ ಹೇಳುವವರು ಇರಲಿಲ್ಲ. ಹೆಂಡತಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಹುಡುಗಿ 2022ರ ಜನವರಿಯಿಂದ ಪ್ರತಿ ಭಾನುವಾರ ಎಂಟು ಗಂಟೆಗೆ ಹೋಗಿ ಒಂದು ಗಂಟೆ ಓದುತ್ತಿದ್ದಳು.

ಪರಿಶೀಲಕರು ವರ್ಷದಲ್ಲಿ ಒಮ್ಮೆ ಸ್ಥಳಕ್ಕೆ ಹೋಗಿ ನೋಡಬೇಕೆಂಬ ನಿಯಮವಿದೆ. ಜೂನ್‌ನಲ್ಲಿ ನಾನು ಹೋದೆ. ಅಜ್ಜ ಜಗಲಿಯ ಹಗ್ಗದ ಮಂಚದ ಮೇಲೆ ಕೂತಿದ್ದರು. ಹುಡುಗಿ ಕೆಳಗೆ ಚಾಪೆಯ ಮೇಲೆ. ಓದುವುದಕ್ಕೆ ಅವರದೇ ಒಂದು ಕ್ರಮವಿತ್ತು: ಮೊದಲು ಭದ್ರಾ ಡ್ಯಾಮಿನ ನೀರಿನ ಮಟ್ಟ, ಆಮೇಲೆ ಅಡಿಕೆ ಧಾರಣೆ, ಆಮೇಲೆ ನಿಧನ ವಾರ್ತೆ, ಸಮಯ ಉಳಿದರೆ ದೇಶ.

“ಅಜ್ಜ, ನಿಮ್ದು ಒಂದ್ ಅಡಿಕೆ ಮರಾನೂ ಇಲ್ಲ. ರೇಟು ಯಾಕೆ?” ಹುಡುಗಿ ಕೇಳಿದಳು. ನನಗಾಗಿ ಕೇಳಿದ್ದು ಅದು. ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು.

“ಮರ ಇರೋನಿಗೆ ಟೆನ್ಷನ್ನು. ನಂಗೆ ಜಾಲಿ. ಏರಿದ್ರೂ ಜಾಲಿ, ಇಳಿದ್ರೂ ಜಾಲಿ. ಓದಮ್ಮಾ, ರಾಶಿ ಅಡಿಕೆ ಎಷ್ಟು?”

ನಾನು ಪತ್ರಿಕೆಯವಳೆಂದು ತಿಳಿದ ಕೂಡಲೇ ಅವರು ನನ್ನ ಕಡೆಗೆ ತಿರುಗಿ ಕೂತರು. “ಓ, ನೀವೇನಾ? ಶುಕ್ರವಾರ ಡ್ಯಾಮ್ ನೀರು ಗುರುವಾರದ್ದೇ ಹಾಕಿದೀರಿ. ಹೊಸದು ಹಾಕ್ರಮ್ಮಾ. ಕಣ್ಣಿಲ್ದೋನು ಹಿಡೀತಾನೆ ಅಂದ್ರೆ ಕಣ್ಣಿರೋರು ಏನ್ ಮಾಡ್ತಿದೀರಿ?”

“ಶುಕ್ರವಾರದ್ದು ಯಾರು ಓದಿದ್ರು ನಿಮಗೆ?”

“ಹಾಲಿನೋನು. ನಿಲ್ಸಿ ಕೇಳ್ಕೋತೀನಿ. ಅದೊಂದೇ ಓದ್ತಾನೆ, ಓಡ್ತಾನೆ.”

ಕಚೇರಿಗೆ ಬಂದು ನೋಡಿದೆ. ಹಿಂದಿನ ದಿನದ ಅಂಕಿಯೇ ಅಚ್ಚಾಗಿತ್ತು. ಪುಟ ನನ್ನದೇ.

ಹೊರಡುವಾಗ ಅವರು ಪ್ರಶಸ್ತಿಯ ಬಗ್ಗೆ ಕೇಳಿದ್ದರು. “ಕಾಡಲ್ಲಿ ನಾಲ್ಕು ದಿನ ನಡೆದ್ರೆ ಚಿನ್ನ ಅಂತೆ. ಮೂವತ್ತೊಂದು ವರ್ಷ ಕುಲುಮೆ ಮುಂದೆ ನಡೆದೆ, ತಗಡೂ ಕೊಡ್ಲಿಲ್ಲ ಬಿಡಿ. ಈ ಹುಡ್ಗಿಗೆ ಕೊಡ್ತೀರಾ ಇಲ್ವಾ?” ವರ್ಷ ಪೂರೈಸಿದರೆ ಕೊಡುತ್ತೇವೆ ಎಂದೆ. “ನನ್ ಕಡೆಯಿಂದ ತಪ್ಪಲ್ಲ. ನಾನೆಲ್ಲಿ ಹೋಗ್ತೀನಿ?” ಎಂದರು.

2023ರ ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ, ಅವಳ ಪುಸ್ತಕ ನನ್ನ ಮೇಜಿಗೆ ಬಂತು. ಐವತ್ತೆರಡು ಭಾನುವಾರ, ಐವತ್ತೆರಡು ನಮೂದು. ಅಕ್ಷರ ದುಂಡಗಿತ್ತು, ಎಲ್ಲೂ ಚಿತ್ತಿಲ್ಲ. ಪ್ರತಿ ನಮೂದಿನಲ್ಲೂ ಅಜ್ಜನ ಹೆಸರು, ಎಂಟರಿಂದ ಒಂಬತ್ತು ಎಂಬ ಸಮಯ, ಏನು ಓದಿದಳೆಂಬ ಒಂದು ಸಾಲು. ಕೊನೆಯ ನಮೂದು ಜನವರಿ 8ರದು.

ಸಹಿ ಹಾಕುವ ಮೊದಲು ಇನ್ನೊಬ್ಬರಿಂದ ಖಾತ್ರಿ ಮಾಡಿಕೊಳ್ಳುವುದು ನಮ್ಮ ಕೆಲಸದ ಅಭ್ಯಾಸ. ಭದ್ರಾವತಿಯ ನಮ್ಮ ವರದಿಗಾರನಿಗೆ ಫೋನ್ ಮಾಡಿ, ಆ ಕಡೆ ಹೋದಾಗ ಅಜ್ಜನನ್ನು ಒಮ್ಮೆ ಮಾತಾಡಿಸಿ ಬರಲು ಹೇಳಿದೆ.

“ಯಾವ ಅಜ್ಜ ಮೇಡಂ? ಕುಲುಮೆ ಅಜ್ಜನಾ? ಅವ್ರು ಹೋಗಿ ಎರಡು ತಿಂಗ್ಳಾಯ್ತಲ್ಲ. ನಾನೇ ಸುದ್ದಿ ಕಳ್ಸಿದ್ದೆ, ನೀವೇ ಹಾಕಿದ್ರಿ.”

ಹಳೆಯ ಪುಟಗಳನ್ನು ತೆಗೆದೆ. ನವೆಂಬರ್ 10ರ ಗುರುವಾರ ತೀರಿಕೊಂಡಿದ್ದರು. ಭಾನುವಾರದ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು. ವರದಿಗಾರ ಕಳಿಸಿದ್ದು ಎಂಟು ಸಾಲು, ಅಚ್ಚಾದದ್ದು ಮೂರು. ಕತ್ತರಿಸಿದವಳು ನಾನು. ಹೆಸರು ಓದಿಯೂ ನನಗೆ ನೆನಪಾಗಿರಲಿಲ್ಲ. ಪುಸ್ತಕವನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಿದೆ. ನವೆಂಬರ್ 13ರಿಂದ ಜನವರಿ 8ರವರೆಗೆ ಒಂಬತ್ತು ಭಾನುವಾರ. ಒಂಬತ್ತರಲ್ಲೂ ಅದೇ ದುಂಡು ಅಕ್ಷರ: ಅಜ್ಜನಿಗೆ ಪತ್ರಿಕೆ ಓದಿದೆ.

22ರಂದು ಕೊಠಡಿಯಲ್ಲಿ ನಾವು ಮೂವರೇ ಇದ್ದೆವು. ನಾನು, ಹುಡುಗಿ, ಸಂಚಾಲಕರು. ಅವಳು ಒಂದು ಸಣ್ಣ ಡಬ್ಬಿಯಲ್ಲಿ ಎಳ್ಳು ಬೆಲ್ಲ ತಂದಿದ್ದಳು. ಹಬ್ಬ ಕಳೆದು ಒಂದು ವಾರವಾಗಿತ್ತು, ನನಗೆಂದು ಎತ್ತಿಟ್ಟದ್ದಂತೆ. ನಾನು ಪುಸ್ತಕ ತೆರೆದು ಡಿಸೆಂಬರಿನ ಒಂದು ಪುಟ ತೋರಿಸಿದೆ.

“ಈ ಭಾನುವಾರ ಯಾರಿಗೆ ಓದಿದೆ?”

“ಅಜ್ಜನಿಗೆ ಮೇಡಂ.”

“ಅವರು ನವೆಂಬರಿನಲ್ಲೇ ತೀರಿಕೊಂಡಿದ್ದಾರೆ.”

“ಹೌದು ಮೇಡಂ.”

“ಹಾಗಾದರೆ ಇದು?”

“ಓದಿದೀನಿ ಮೇಡಂ.”

“ತೀರಿಕೊಂಡವರಿಗೆ?”

ಅವಳು ಪುಸ್ತಕವನ್ನೇ ನೋಡಿದಳು. ಬಾಯಿ ತೆರೆದಳು, ಸಂಚಾಲಕರ ಮುಖ ನೋಡಿದಳು, ಮತ್ತೆ ಸುಮ್ಮನಾದಳು. ವರ್ಷಗಟ್ಟಲೆ ನಾನು ಹೊಸ ವರದಿಗಾರರಿಗೆ ಹೇಳಿಕೊಡುತ್ತಿದ್ದದ್ದು ಒಂದೇ: ಎದುರಿನವರು ಸುಮ್ಮನಾದರೆ ಇನ್ನೊಂದು ಪ್ರಶ್ನೆ ಕೇಳಿ. ಅವತ್ತು ನಾನು ಕೇಳಲಿಲ್ಲ. ಅಂಕಿ ನನ್ನ ಕಡೆಗಿತ್ತು, ಪತ್ರಿಕೆಯ ತುಣುಕು ನನ್ನ ಕೈಯಲ್ಲಿತ್ತು. ಬಿಟ್ಟ ಒಂಬತ್ತು ವಾರವನ್ನು ಹೊಸದಾಗಿ ಯಾರಿಗಾದರೂ ಸೇವೆ ಮಾಡಿ ತುಂಬಿಕೊಂಡು ಬಾ, ಆಗ ಸಹಿ ಹಾಕುತ್ತೇನೆ ಎಂದೆ. ಮಾರ್ಚ್ 10ರ ಒಳಗೆ ಉಳಿದಿದ್ದದ್ದು ಆರೇ ಭಾನುವಾರ. ಅದನ್ನು ಮೂವರೂ ಮನಸ್ಸಿನಲ್ಲೇ ಎಣಿಸಿದೆವೆಂದು ಕಾಣುತ್ತದೆ.

“ಆಯ್ತು ಮೇಡಂ,” ಎಂದಳು. ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. ಡಬ್ಬಿಯನ್ನೂ ಬಿಟ್ಟಳು.

ಅವಳು ಗೇಟು ದಾಟುವವರೆಗೆ ಸಂಚಾಲಕರು ಕಾದರು. “ಅಲ್ಲ ಮಾರಾಯ್ತಿ, ನಲವತ್ಮೂರು ವಾರ ಆ ಮುದುಕನ ಕಾಟ ತಡ್ಕೊಂಡಿದಾಳೆ. ಒಂಬತ್ತಕ್ಕೆ ಹಿಡ್ಕೊಂಡ್ಯಲ್ಲ.”

“ಸಾರ್, ಒಂದು ಸುಳ್ಳು ಬಿಟ್ಟರೆ ಉಳಿದವರಿಗೆ ಏನು ಹೇಳ್ತೀರಿ?”

“ಏನೂ ಹೇಳಲ್ಲ. ನಂಗೆ ಹೇಳೋಕೆ ಬಂದಿದ್ರೆ ನಿನ್ನ ಯಾಕೆ ಕರೀತಿದ್ದೆ?” ಎಂದು ಸೀಟಿಯನ್ನು ಅಂಗಿಯೊಳಗೆ ಸೇರಿಸಿ ಹೋದರು.

ಫೆಬ್ರವರಿ ಪೂರ್ತಿ ಕಚೇರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣದ್ದೇ ಕೆಲಸ. 27ಕ್ಕೆ ಉದ್ಘಾಟನೆ. ರಸ್ತೆ ಬಂದ್, ಬಸ್ ವ್ಯವಸ್ಥೆ, ವಿಶೇಷ ಪುಟಗಳು. ಹುಡುಗಿಯ ವಿಷಯ ಮನಸ್ಸಿಗೆ ಬಂದಾಗಲೆಲ್ಲ, ಆರು ವಾರದಲ್ಲಿ ಒಂಬತ್ತು ವಾರದ ಕೆಲಸ ಮಾಡಲು ಅವಕಾಶ ಕೇಳಿಕೊಂಡು ಬರುತ್ತಾಳೆಂದು ಅಂದುಕೊಳ್ಳುತ್ತಿದ್ದೆ. ಬಂದರೆ ಯೋಜನೆಯ ಸಮಿತಿಗೆ ನಾನೇ ಬರೆಯುವುದೆಂದೂ ನಿರ್ಧರಿಸಿದ್ದೆ. ಬರಲಿಲ್ಲ. ಮಾರ್ಚ್ 10 ಕಳೆಯಿತು.

ಏಪ್ರಿಲ್‌ನಲ್ಲಿ ಚುನಾವಣೆಯ ಸುದ್ದಿಗಾಗಿ ಭದ್ರಾವತಿಗೆ ಹೋಗಬೇಕಾಯಿತು. ಭಾನುವಾರ. ಎಂಟೂವರೆಗೆ ಕ್ವಾರ್ಟರ್ಸಿನ ಆ ಬೀದಿಯಲ್ಲಿ ಕಾರು ನಿಲ್ಲಿಸಿ ಇಳಿದೆ. ಅಜ್ಜನ ಹೆಂಡತಿಯನ್ನು ನೋಡಿ, ಆ ಮೂರು ಸಾಲಿಗೆ ಕ್ಷಮೆ ಕೇಳುವುದು ನನ್ನ ಉದ್ದೇಶವಾಗಿತ್ತು. ಬೇಲಿಯ ಹತ್ತಿರ ಬಂದಾಗ ಒಳಗಿನಿಂದ ಓದುವ ದನಿ ಕೇಳಿತು. ಅಡಿಕೆ ಧಾರಣೆ. ರಾಶಿ, ಬೆಟ್ಟೆ, ಗೊರಬಲು.

ಬಾಗಿಲು ತೆರೆದಿತ್ತು. ಹಗ್ಗದ ಮಂಚವನ್ನು ಜಗಲಿಯಿಂದ ಒಳಕ್ಕೆ ತಂದಿದ್ದರು. ಮಂಚದ ಮೇಲೆ ಗೋಡೆಗೆ ಒರಗಿಸಿ ಅಜ್ಜನ ಫೋಟೊ, ಅದರ ಮುಂದೆ ಒಂದು ದೀಪ, ಲೋಟದಲ್ಲಿ ಕಾಫಿ. ಹುಡುಗಿ ಕೆಳಗೆ ಚಾಪೆಯ ಮೇಲೆ ಕೂತು ಫೋಟೊಗೆ ಎದುರಾಗಿ ಓದುತ್ತಿದ್ದಳು. ಅಜ್ಜಿ ಅಡುಗೆಮನೆಯ ಹೊಸಿಲಲ್ಲಿ ಕೂತು ಕೇಳುತ್ತಿದ್ದರು. ಹುಡುಗಿ ನನ್ನನ್ನು ನೋಡಿದಳು. ಓದು ನಿಲ್ಲಿಸಲಿಲ್ಲ. ನಿಧನ ವಾರ್ತೆ ಓದಿದಳು, ಊರಿನ ಎರಡು ಸುದ್ದಿ ಓದಿದಳು, ಗಡಿಯಾರ ನೋಡಿ, ಒಂಬತ್ತಕ್ಕೆ ಪತ್ರಿಕೆ ಮಡಚಿ ಮಂಚದ ಮೇಲೆ ಫೋಟೊದ ಪಕ್ಕದಲ್ಲಿಟ್ಟಳು. ಅಷ್ಟು ಹೊತ್ತು ನಾನು ಬಾಗಿಲಲ್ಲೇ ನಿಂತಿದ್ದೆ.

ಅಜ್ಜಿ ನನ್ನ ಗುರುತು ಹಿಡಿದರು. “ವಾಮ್ಮಾ, ಕೂತ್ಕೋ. ಪೇಪರಮ್ಮ ಅಲ್ವಾ ನೀನು?” ಎಂದು ಕಾಫಿ ತರಲು ಎದ್ದರು. ನಾನು ಫೋಟೊದ ಕಡೆ ನೋಡಿದ್ದನ್ನು ಗಮನಿಸಿ ಅವರೇ ಹೇಳಿದರು.

“ವರ್ಷದ ತಿಥಿ ಆಗೋ ತನಕ ಅವ್ರು ಮನೇಲೇ ಇರ್ತಾರಮ್ಮಾ. ನಮ್ಮಲ್ಲಿ ಹಂಗೆ. ಇದ್ದಾಗ ಏನ್ ನಡೀತಿತ್ತೋ ಎಲ್ಲ ನಡೀಬೇಕು. ಬೆಳಿಗ್ಗೆ ಕಾಫಿ, ಸಾಯಂಕಾಲ ವೀಳ್ಯ, ಭಾನುವಾರ ಪೇಪರು. ನಾನೂ ಈ ಬೀದಿ ದಾಟೋ ಹಂಗಿಲ್ಲ. ಆಸ್ಪತ್ರೆಗೆ ಹೋಗೋ ದಿನ ಹೇಳಿದ್ರು, ಪೇಪರ್ ನಿಲ್ಲಿಸ್ಬೇಡ, ಈ ಹುಡ್ಗಿ ಪಾಪಾದು ಪುಸ್ತಕ ತುಂಬ್ಬೇಕು ಅಂತ. ನಾನು ನಿಲ್ಲಿಸ್ಲಿಲ್ಲ. ಈ ಪಾಪಾನೂ ನಿಲ್ಲಿಸ್ಲಿಲ್ಲ. ಅವ್ರು ಹೋದ ಸುದ್ದಿ ಬಂತಲ್ಲ, ಅದನ್ನೂ ಇವ್ಳೇ ಓದಿದ್ಳು, ಅವ್ರ ಮುಂದೇನೇ. ಮೂರು ಸಾಲು ಇತ್ತು.”

ಅಜ್ಜಿ ಮುಂದುವರಿಸಿದರು.

“ಪ್ರತಿ ವಾರ ಓದಿ ಆದ್ಮೇಲೆ ಪುಸ್ತಕದಲ್ಲಿ ಬರೀತಾಳೆ. ನಂಗೆ ಓದೋಕೆ ಬರಲ್ವಾ, ಅವ್ರ ಹೆಸ್ರು ಎಲ್ಲಿದೆ ತೋರ್ಸು ಅಂತೀನಿ. ಬೆರಳು ಹಿಡ್ದು ತೋರಿಸ್ತಾಳೆ. ಸಂಕ್ರಾಂತಿಯಿಂದ ಯಾಕೋ ಪುಸ್ತಕ ಬಂದೇ ಇಲ್ಲ. ಎಲ್ಲಮ್ಮಾ ಪಾಪಾ ಪುಸ್ತಕ?”

“ಆಫೀಸಲ್ಲಿದೆ ಅಜ್ಜಿ. ಇನ್ನೂ ಸಹಿ ಆಗ್ಬೇಕು,” ಎಂದಳು ಹುಡುಗಿ.

“ಬೇಗ ಹಾಕಮ್ಮಾ ಸಹಿ,” ಎಂದು ಅಜ್ಜಿ ನನ್ನ ಕೈಗೆ ಲೋಟ ಕೊಟ್ಟರು. “ಅವ್ರು ಕೇಳ್ತಾ ಇರ್ತಾರೆ.”

ಹುಡುಗಿ ನನ್ನ ಜೊತೆ ಕಾರಿನವರೆಗೆ ಬಂದಳು. ಅವತ್ತೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳೋಣ ಅಂದ್ಕೊಂಡೆ ಮೇಡಂ. ಹೇಳಿದ್ರೆ ನೀವು ಅಜ್ಜಿನ ಸಾಕ್ಷಿಗೆ ಕರೀತಿದ್ರಿ. ಅವ್ರು ಬರೋ ಹಾಗಿಲ್ಲ. ಇಲ್ಲಾ ನೀವೇ ಬಂದು ಅವ್ರನ್ನ ಕೇಳ್ತಿದ್ರಿ, ಸತ್ತೋರಿಗೆ ಓದಿದ್ದು ಲೆಕ್ಕಕ್ಕಿಲ್ಲ ಅಂತಿದ್ರಿ. ಅದು ಅವ್ರ ಕಿವಿಗೆ ಬೀಳ್ಬಾರ್ದಿತ್ತು.”

“ಅಜ್ಜಿಗೆ ಓದಿದೆ ಅಂತ ಬರೆದಿದ್ದರೆ ನಾನು ಸಹಿ ಹಾಕುತ್ತಿದ್ದೆ.”

“ಗೊತ್ತು ಮೇಡಂ. ಆದ್ರೆ ಅವ್ರು ಬೆರಳಿಡ್ತಿದ್ರಲ್ಲ. ಇಲ್ಲದ ಹೆಸರನ್ನ ಹೇಗೆ ತೋರಿಸ್ಲಿ?”

ಆರು ವಾರದಲ್ಲಿ ಬೇರೆ ಯಾರಿಗಾದರೂ ಸೇವೆ ಮಾಡಲು ಏಕೆ ಪ್ರಯತ್ನಿಸಲಿಲ್ಲ ಎಂದೂ ಕೇಳಿದೆ. ಭಾನುವಾರ ಒಂದೇ ತನಗೆ ರಜೆ, ಅದು ಇಲ್ಲಿಗೆ ಹೋಗುತ್ತದೆ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಎಷ್ಟು ಪ್ರತಿ ಬೇಕೆಂದು ಕೇಳುವ ಹಾಗೆ ಹೇಳಿದಳು.

ಮರುದಿನ ನಾನು ಯೋಜನೆಯ ಸಮಿತಿಗೆ ಪತ್ರ ಬರೆದೆ. ಪತ್ರಿಕೆಯಲ್ಲಿ ತಿದ್ದುಪಡಿ ಬರೆಯುವ ಹಾಗೆಯೇ ಬರೆದೆ: ಏನು ತಪ್ಪಾಗಿ ದಾಖಲಾಗಿದೆ, ಸರಿಯಾದದ್ದು ಏನು, ತಪ್ಪು ಯಾರದು. ಒಂಬತ್ತು ಭಾನುವಾರವೂ ಆ ಮನೆಯಲ್ಲಿ ಒಂದು ಗಂಟೆ ಪತ್ರಿಕೆ ಓದಲಾಗಿದೆ, ಓದು ಬಾರದ ಒಬ್ಬ ವೃದ್ಧೆ ಕೇಳಿದ್ದಾರೆ, ಪರಿಶೀಲಕಿ ಸ್ಥಳಕ್ಕೆ ಹೋಗಿ ವಿಚಾರಿಸದೆ ನಿರಾಕರಿಸಿದ್ದಾರೆ ಎಂದು. ಸಂಚಾಲಕರು ಓದಿ, ತಾವೂ ಕೆಳಗೆ ಸಹಿ ಹಾಕಿದರು. “ಮೊದಲ್ನೇ ಸಲ ನಿನ್ನ ಬರವಣಿಗೇಲಿ ಒಂದೂ ಸಾಲು ಕತ್ತರಿಸೋ ಹಂಗಿಲ್ಲ ನೋಡು,” ಎಂದರು. ಇಬ್ಬರೂ ನಗಲಿಲ್ಲ.

ಮೇ ಕೊನೆಯಲ್ಲಿ ಉತ್ತರ ಬಂತು. ಅಭ್ಯರ್ಥಿಗೆ ಇಪ್ಪತ್ತೈದು ವರ್ಷ ತುಂಬುವ ಮೊದಲು ಪರಿಶೀಲಕರ ಸಹಿ ಆಗಿರಬೇಕು, ನಂತರದ ಸಹಿಗೆ ನಿಯಮದಲ್ಲಿ ಅವಕಾಶವಿಲ್ಲ ಎಂದು ಬರೆದಿದ್ದರು. ಅಭ್ಯರ್ಥಿಯ ಶ್ರಮವನ್ನು ಸಮಿತಿ ಮೆಚ್ಚುತ್ತದೆ ಎಂಬ ಒಂದು ಸಾಲೂ ಇತ್ತು. ನಾನು ಮತ್ತೆ ಬರೆದೆ. ಅದೇ ಉತ್ತರ ಬಂತು, ಮೆಚ್ಚುಗೆಯ ಸಾಲು ಇರಲಿಲ್ಲ. ವಸತಿ ಶಾಲೆಯ ಪ್ರಾಂಶುಪಾಲರನ್ನು ಖುದ್ದಾಗಿ ಕಂಡೆ. ಅವರು ಸೌಜನ್ಯದಿಂದಲೇ ಮಾತಾಡಿದರು. ಜಾಗ ತುಂಬಿಯಾಗಿತ್ತು. ಸಮಿತಿಗೆ ಬರೆದ ಪತ್ರದ ಒಂದು ಪ್ರತಿಯನ್ನು ಹುಡುಗಿಯ ಅಂಗಡಿಗೆ ಒಯ್ದು ಕೊಟ್ಟೆ. ನಿಂತಲ್ಲೇ ಓದಿ, ಮಡಚಿ, ಬಿಲ್ ಪುಸ್ತಕದ ಕೆಳಗಿಟ್ಟು, “ಮೇಡಂ, ಇದಕ್ಕೆ ಇಷ್ಟು ಓಡಾಡ್ಬೇಡಿ. ಬಿಸ್ಲು,” ಎಂದಳು.

ಆ ವರ್ಷ ನವೆಂಬರಿನಲ್ಲಿ ಅಜ್ಜನ ವರ್ಷದ ತಿಥಿಯಾಯಿತು. ಅಲ್ಲಿಯವರೆಗೆ ಒಂದು ಭಾನುವಾರವೂ ತಪ್ಪಲಿಲ್ಲವೆಂದು ವರದಿಗಾರ ಹೇಳಿದ. ಈ ಸಲ ನಾನು ಅವನಿಂದ ಖಾತ್ರಿ ಕೇಳಿರಲಿಲ್ಲ, ಅವನೇ ಹೇಳಿದ್ದು. ಡಿಸೆಂಬರಿನಲ್ಲಿ ಅಜ್ಜಿ ಕ್ವಾರ್ಟರ್ಸ್ ಖಾಲಿ ಮಾಡಿ ಹೊಸೂರಿನಲ್ಲಿರುವ ತಂಗಿಯ ಮನೆಗೆ ಹೋದರು. ರೈಲು ಹತ್ತುವಾಗ ಪುಸ್ತಕದ ಬಗ್ಗೆ ಕೇಳಿದರಂತೆ. ಸಹಿ ಆಗಿದೆ ಎಂದು ಹುಡುಗಿ ಹೇಳಿದಳಂತೆ.

2024ರಲ್ಲಿ ನಾನು ಪತ್ರಿಕೆಯಿಂದ ನಿವೃತ್ತಳಾದೆ. ಪರಿಶೀಲಕಿಯ ಕೆಲಸವನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ. ಹುಡುಗಿ ಈಗ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದಾಳೆ. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಕಳೆದ ತಿಂಗಳು ಸಂಚಾಲಕರು ಸಮಿತಿಯ ಕಚೇರಿಗೆ ಹೋದಾಗ ನನ್ನ ಕೋರಿಕೆಯ ಮೇರೆಗೆ ಕಡತ ತೆಗೆಸಿ ನೋಡಿದರು. ಅವಳ ಹೆಸರಿನ ಮುಂದೆ ಕೌಶಲ, ಕ್ರೀಡೆ, ಪ್ರಯಾಣ ಮೂರೂ ಪೂರ್ಣ ಎಂದಿದೆ. ಸೇವೆ: ಅಪೂರ್ಣ.